5 ವರ್ಷ, 38 ಗಿಡ: ನರ್ಸರಿಯಿಂದ ತಂದವು ಮನೆಯಲ್ಲಿ ಯಾಕೆ ಸೊರಗುತ್ತವೆ

ನರ್ಸರಿ ಗಿಡಗಳ ಬಗ್ಗೆ ಸಿಗುವ ವಿಮರ್ಶೆಗಳಲ್ಲಿ ಬಹುಪಾಲು ಗಿಡ ಮನೆಗೆ ಬಂದ ಮಾರನೇ ದಿನವೇ ಬರೆದವು. ಎಲೆ ಹಸಿರಾಗಿದೆ, ಪ್ಯಾಕಿಂಗ್ ಗಟ್ಟಿಯಾಗಿತ್ತು ಅನ್ನುವಲ್ಲಿಗೆ ಮುಗಿದುಬಿಡುತ್ತವೆ. ಗಿಡದ ವಿಷಯದಲ್ಲಿ ಆ ದಿನ ಏನೂ ಗೊತ್ತಾಗುವುದಿಲ್ಲ. ಅದು ತಂದಿಟ್ಟ ಜಾಗದಲ್ಲಿ ಹೊಸ ಎಲೆ ಬಿಟ್ಟು, ಆ ಎಲೆ ಬಲಿತ ಮೇಲೆ ಬರೆದರೆ ಅರ್ಥವಿದೆ. ಆದ್ದರಿಂದ ನಾನು ಇಷ್ಟು ಕಾಲ ಕಾದೆ.

5 ವರ್ಷಗಳಲ್ಲಿ ಬೇರೆ ಬೇರೆ ನರ್ಸರಿಗಳಿಂದ 38 ಗಿಡ ತಂದಿದ್ದೇನೆ. ತಂದ ದಿನ, ಇಟ್ಟ ಜಾಗ, ನೀರು ಹಾಕಿದ ದಿನ, ಎಲೆ ಉದುರಲು ಶುರುವಾದ ದಿನ, ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿವೆ. ಮೊದಲ ವರ್ಷ ತಂದ 11ರಲ್ಲಿ 8 ಸತ್ತವು. ಕಳೆದ ಎರಡು ವರ್ಷಗಳಲ್ಲಿ ತಂದ 14ರಲ್ಲಿ ಹೋದದ್ದು 2 ಮಾತ್ರ. ಹೆಚ್ಚುಕಡಿಮೆ ಅವೇ ನರ್ಸರಿಗಳು, ಅವೇ ಜಾತಿಯ ಗಿಡಗಳು. ಬದಲಾಗಿದ್ದು ಮನೆಗೆ ಬಂದ ಮೊದಲ ತಿಂಗಳು ನಾನು ಅವುಗಳ ಜೊತೆ ನಡೆದುಕೊಳ್ಳುವ ರೀತಿ.

ಮೊದಲು ಕಳೆದುಕೊಂಡದ್ದು ಒಂದು ಫೈಕಸ್ ಬೆಂಜಮಿನಾ, ಆಲದ ಜಾತಿಯ ಅಲಂಕಾರದ ಗಿಡ. ಎದೆಯೆತ್ತರ, ತುಂಬಿದ ಎಲೆ. ಕೋಣೆಯ ಮೂಲೆಯಲ್ಲಿ ಇಟ್ಟೆ. ಹತ್ತನೇ ದಿನಕ್ಕೆ ಕೆಳಗೆಲ್ಲ ಎಲೆ. ಹಳದಿಯಾದವಷ್ಟೇ ಅಲ್ಲ, ಹಸಿರು ಎಲೆಗಳೂ ಮುಟ್ಟಿದರೆ ಬೀಳುತ್ತಿದ್ದವು. ರೋಗದ ಗಿಡ ಮಾರಿದ್ದಾರೆ ಎಂದು ಸಿಟ್ಟು ಬಂತು. ಬಾಯಾರಿರಬೇಕು ಎಂದು ದಿನವೂ ನೀರು ಹಾಕಿದೆ, ಶಕ್ತಿ ಬರಲಿ ಎಂದು ಗೊಬ್ಬರ ಹಾಕಿದೆ, ಕುಂಡ ಚಿಕ್ಕದಾಯಿತೇನೋ ಎಂದು ದೊಡ್ಡದಕ್ಕೆ ಬದಲಾಯಿಸಿದೆ. ಆರನೇ ವಾರ ಕಿತ್ತು ನೋಡಿದರೆ ಬೇರು ಪೂರ್ತಿ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು, ಕೊಳೆತ ವಾಸನೆ ಬೇರೆ.

ಆ ಗಿಡಕ್ಕೆ ರೋಗ ಇರಲಿಲ್ಲ. ಅದಕ್ಕೆ ಬೆಳಕು ಕಡಿಮೆಯಾಗಿತ್ತು, ಅಷ್ಟೇ. ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕಿನ ಅಳತೆ) ಇರುತ್ತದೆ. ನರ್ಸರಿಯಲ್ಲಿ ಅರ್ಧ ಬಿಸಿಲು ತಡೆಯುವ ಶೇಡ್ ನೆಟ್ ಕೆಳಗೆ ಬೆಳೆದರೂ ಗಿಡಕ್ಕೆ ಆ ಹೊತ್ತಿನಲ್ಲಿ 50,000ದಷ್ಟು ಸಿಗುತ್ತದೆ. ಮನೆಯೊಳಗೆ, ಕಿಟಕಿಯಿಂದ ಎರಡು ಮೂರು ಮೀಟರ್ ಒಳಗೆ ಅಳೆದರೆ ಸಾಮಾನ್ಯವಾಗಿ ಕೆಲವೇ ನೂರು. ನಮ್ಮ ಕಣ್ಣು ಮಂದ ಬೆಳಕಿಗೆ ಬೇಗ ಹೊಂದಿಕೊಳ್ಳುವುದರಿಂದ ಕೋಣೆ ಬೆಳಕಾಗಿಯೇ ಇದೆ ಅನ್ನಿಸುತ್ತದೆ. ಗಿಡಕ್ಕೆ ಮಾತ್ರ ಅದು ಬರಗಾಲ. ಹೆಚ್ಚು ಬೆಳಕಿನಲ್ಲಿ ಮೂಡಿದ ಎಲೆಗಳು ದಪ್ಪ, ಅವುಗಳ ಉಸಿರಾಟಕ್ಕೆ ಖರ್ಚಾಗುವ ಸಕ್ಕರೆಯೂ ಹೆಚ್ಚು. ಮಂದ ಬೆಳಕಿನಲ್ಲಿ ಅವು ತಯಾರಿಸುವುದಕ್ಕಿಂತ ಖರ್ಚೇ ಜಾಸ್ತಿಯಾಗುತ್ತದೆ. ಸಾಕಲಾಗದ ಎಲೆಗಳನ್ನು ಗಿಡವೇ ಕೈಬಿಡುತ್ತದೆ, ಆಮೇಲೆ ಇದ್ದ ಬೆಳಕಿಗೆ ತಕ್ಕ ತೆಳು ಎಲೆಗಳನ್ನು ನಿಧಾನವಾಗಿ ಹೊರಡಿಸುತ್ತದೆ. ಬೆಳಕು ತೀರಾ ಕಡಿಮೆ ಇಲ್ಲದಿದ್ದರೆ ಆ ಉದುರುವಿಕೆ ಹೊಂದಿಕೊಳ್ಳುವ ಕ್ರಮವೇ ಹೊರತು ಸಾವಿನ ಸೂಚನೆಯಲ್ಲ. ನನ್ನ ಬೆಂಜಮಿನಾವನ್ನು ಸ್ವಲ್ಪ ಕಿಟಕಿಯತ್ತ ಸರಿಸಿ ಸುಮ್ಮನೆ ಬಿಟ್ಟಿದ್ದರೆ ಬದುಕುತ್ತಿತ್ತು ಎಂದು ಈಗ ನನಗೆ ಖಾತ್ರಿಯಿದೆ. ನೆನೆದರೆ ಇವತ್ತಿಗೂ ಬೇಸರವಾಗುತ್ತದೆ.

ಹೆಚ್ಚು ಗಿಡಗಳನ್ನು ಕೊಲ್ಲುವುದು ಇದರ ಬೆನ್ನಿಗೇ ಬರುವ ನೀರಿನ ಲೆಕ್ಕ. ಬೆಳಕು ಇಳಿದರೆ ಗಿಡ ಕುಡಿಯುವ ನೀರೂ ಇಳಿಯುತ್ತದೆ. ದಿನಾ ನೀರು ಹಾಕಿ ಎಂದು ನರ್ಸರಿಯವರು ಹೇಳಿದರೆ ಅದು ಸುಳ್ಳಲ್ಲ, ಅವರ ಗಾಳಿ, ಅವರ ಬಿಸಿಲಿಗೆ ಅದು ಸರಿ. ಅಲ್ಲಿ ಬೆಳಿಗ್ಗೆ ಹಾಕಿದ್ದು ಸಂಜೆಗೆ ಆರುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ನನ್ನ ಕೋಣೆಯಲ್ಲಿ ಒಂಬತ್ತು ಹತ್ತು ದಿನ ಒದ್ದೆಯಾಗಿಯೇ ಇರುತ್ತದೆ. ಮೇಲೆ ಒಣಗಿದಂತೆ ಕಂಡರೂ ಬೆರಳು ಇಳಿಸಿದರೆ ಒಳಗೆ ತೇವ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿಕೊಂಡರೆ ಬೇರು ಉಸಿರುಕಟ್ಟಿ ಸಾಯುತ್ತದೆ, ಪಿಥಿಯಮ್‌ನಂಥ ಸೂಕ್ಷ್ಮಜೀವಿಗಳು ಹೊಕ್ಕು ಕೊಳೆಸುತ್ತವೆ. ಬೇರು ಹೋದ ಗಿಡ ನೀರು ಎಳೆಯಲಾರದೆ ಬಾಡುತ್ತದೆ. ಬಾಯಾರಿದ ಗಿಡವೂ ಹಾಗೇ ಬಾಡುತ್ತದೆ. ಬಾಡಿದ್ದು ನೋಡಿ ನಾವು ಇನ್ನಷ್ಟು ನೀರು ಹಾಕುತ್ತೇವೆ, ಗಿಡದ ಕತೆ ಅಲ್ಲಿಗೆ ಮುಗಿಯುತ್ತದೆ. ಈಗ ನಾನು ವಾರದ ದಿನ ನೋಡಿ ನೀರು ಹಾಕುವುದಿಲ್ಲ, ಕುಂಡ ಎತ್ತಿ ನೋಡುತ್ತೇನೆ. ನೀರುಂಡ ಕುಂಡದ ಭಾರ ಒಮ್ಮೆ ಕೈಗೆ ಗೊತ್ತಾದರೆ ಹಗುರಾದದ್ದು ತಾನಾಗಿ ತಿಳಿಯುತ್ತದೆ.

ದೊಡ್ಡ ಕುಂಡಕ್ಕೆ ಅವಸರದಲ್ಲಿ ಬದಲಾಯಿಸುವುದೂ ಇದೇ ಕಾರಣಕ್ಕೆ ತಪ್ಪು. ಬೇರು ಇನ್ನೂ ತಲುಪದ ಮಣ್ಣಿನಲ್ಲಿ ನೀರು ಕುಡಿಯುವವರಿಲ್ಲದೆ ನಿಂತುಬಿಡುತ್ತದೆ. ನೀರು ಬಸಿಯಲಿ ಎಂದು ತಳಕ್ಕೆ ಜಲ್ಲಿ ಹಾಕುವ ರೂಢಿಯನ್ನು ನಾನು ಮೂರು ವರ್ಷ ಪಾಲಿಸಿದೆ, ಅದರಿಂದ ಉಪಯೋಗವಿಲ್ಲ. ಸಣ್ಣ ಕಣಗಳ ಮಣ್ಣಿನ ಕೆಳಪದರದಲ್ಲಿ ನೀರು ಹಿಡಿದು ನಿಲ್ಲುತ್ತದೆ, ಜಲ್ಲಿ ಹಾಕಿದರೆ ಆ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಏರುತ್ತದೆ. ತಳದಲ್ಲಿ ತೂತು, ಮಣ್ಣಿನಲ್ಲಿ ಪೆರ್ಲೈಟ್ ಎಂಬ ಹಗುರ ಬಿಳಿ ಹರಳು ಅಥವಾ ದಪ್ಪ ಮರಳು, ಇಷ್ಟೇ ಸಾಕು.

ಗುಲಾಬಿ, ದಾಸವಾಳದ ಸಮಸ್ಯೆ ಇದಕ್ಕೆ ತಿರುಗುಮುರುಗು. ಕೆಲವು ಗಿಡಗಳು ಜಿಗುಟು ಮಣ್ಣಿನ ಉಂಡೆಯಲ್ಲಿ ಬರುತ್ತವೆ. ಆ ಉಂಡೆಯನ್ನು ಹಾಗೇ ಹಗುರ ಮಿಶ್ರಣದೊಳಗೆ ಇಟ್ಟರೆ, ಹಾಕಿದ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲೇ ಇಳಿದುಹೋಗುತ್ತದೆ, ಉಂಡೆ ಒಳಗೆ ಒಣಗಿ ಕಲ್ಲಾಗುತ್ತದೆ. ನನ್ನ ಎರಡು ಗುಲಾಬಿ ಒದ್ದೆ ಕುಂಡದೊಳಗೆ ಬಾಯಾರಿ ಸತ್ತವು. ಈಗ ಉಂಡೆಯನ್ನು ನೀರಿನಲ್ಲಿ ನೆನೆಸಿ, ಅಂಚಿನ ಮಣ್ಣನ್ನು ಬೆರಳಿನಿಂದ ಸಡಿಲಿಸಿ, ಆಮೇಲೆ ನೆಡುತ್ತೇನೆ.

ಹೂಬಿಟ್ಟ ಪುಟ್ಟ ಸೇವಂತಿಗೆ ಮುಂದಿನ ಸಲ ಉದ್ದುದ್ದ ಬೆಳೆದು ವಾಲಿದರೆ ತಪ್ಪು ನಿಮ್ಮದಾಗಿರಬೇಕೆಂದಿಲ್ಲ. ಕುಂಡದ ಗಿಡ ಒತ್ತಾಗಿ ಕಾಣಲೆಂದು ಬೆಳವಣಿಗೆ ತಡೆಯುವ ಔಷಧಿ ಸಿಂಪಡಿಸುವುದು ಹೂಗಿಡದ ವ್ಯಾಪಾರದಲ್ಲಿ ಸಾಮಾನ್ಯ. ಅದರ ಪ್ರಭಾವ ಇಳಿದ ಮೇಲೆ ಗಿಡ ತನ್ನ ಸಹಜ ಎತ್ತರಕ್ಕೆ ಮರಳುತ್ತದೆ. ಇದನ್ನು ಮಾರುವವರು ಒಂದು ಚೀಟಿಯಲ್ಲಾದರೂ ಬರೆಯಬೇಕು ಅನ್ನುವುದು ನನ್ನ ದೂರು.

ಇನ್ನು ಹಿಟ್ಟುತಿಗಣೆ. ಒಂದು ಕ್ರೋಟನ್ ಜೊತೆಗೆ ಬಂದದ್ದು ಎರಡು ತಿಂಗಳಲ್ಲಿ ಐದು ಕುಂಡಕ್ಕೆ ಹಬ್ಬಿತು. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿನಲ್ಲಿ ಹತ್ತಿಯಂತೆ ಕಂಡರೆ ಆ ಗಿಡ ಕೊಳ್ಳಬೇಡಿ. ಕಾಣದಿದ್ದರೂ ಹೊಸದನ್ನು ಮೂರು ವಾರ ಹಳೆಯವುಗಳಿಂದ ದೂರ ಇಡಿ. ಎಲೆಯ ಹಿಂಭಾಗ ನೋಡುವುದನ್ನು ಮರೆಯಬೇಡಿ, ನುಸಿ ಇರುವುದು ಅಲ್ಲೇ.

ನಾನು ಇಷ್ಟಪಡುವ ನರ್ಸರಿ ಒಂದಿದೆ. ಒಳಾಂಗಣ ಗಿಡಗಳನ್ನು ಅವರು ಮಾರುವ ಮೊದಲು ಕೆಲವು ವಾರ ದಟ್ಟ ನೆರಳಿನಲ್ಲಿ ಇಡುತ್ತಾರೆ. ನೋಡಲು ಅವು ಬೇರೆ ಕಡೆಯವಷ್ಟು ತುಂಬಿಕೊಂಡಿರುವುದಿಲ್ಲ, ಮೊದಲ ಸಲ ಹೋದಾಗ ನಾನೇ ಬೇಡವೆಂದು ವಾಪಸ್ ಬಂದಿದ್ದೆ. ಅಲ್ಲಿಂದ ತಂದ ಆರೂ ಗಿಡ ಬದುಕಿವೆ, ಎಲೆ ಉದುರಿದ್ದೂ ಕಡಿಮೆ. ಗಿಡ ಕೊಳ್ಳುವಾಗ ಇದು ನೆರಳಿನಲ್ಲಿ ಎಷ್ಟು ದಿನ ಇತ್ತು ಎಂದು ಕೇಳಿ. ಉತ್ತರ ಹೇಳಬಲ್ಲವರ ಹತ್ತಿರ ಕೊಳ್ಳಿ. ಮೊದಲ ಸಲ ತರುವವರು ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್‌ನಿಂದ ಶುರು ಮಾಡಿದರೆ ಒಳ್ಳೆಯದು, ಅವು ಮಂದ ಬೆಳಕನ್ನೂ ನೀರು ಮರೆತದ್ದನ್ನೂ ಸಹಿಸುತ್ತವೆ.

ಎರಡನೇ ಬೆಂಜಮಿನಾ ಮೂರು ವರ್ಷದ ಹಿಂದೆ ಅಲ್ಲಿಂದಲೇ ಬಂತು. ಕಿಟಕಿಗೆ ಒಂದು ಅಡಿ ದೂರದಲ್ಲಿ ಇಟ್ಟು, ಮೊದಲ ತಿಂಗಳು ಕುಂಡ, ಮಣ್ಣು, ಗೊಬ್ಬರ ಯಾವುದನ್ನೂ ಮುಟ್ಟಲಿಲ್ಲ. ಮೂವತ್ತು ಎಲೆ ಉದುರಿಸಿತು, ಏಳನೇ ವಾರ ಚಿಗುರಿತು. ಈ ವರ್ಷ ಗೋಡೆಗೆ ಬಣ್ಣ ಬಳಿಸುವಾಗ ಮೂರು ವಾರ ಪಕ್ಕದ ಕೋಣೆಯಲ್ಲಿ ಇಡಬೇಕಾಯಿತು, ಮತ್ತೆ ಎಲೆ ಉದುರಿದವು. ಅದೇ ಕಿಟಕಿಗೆ ತಂದಿಟ್ಟಿದ್ದೇನೆ. ನೀರು ಕಡಿಮೆ ಮಾಡಿದ್ದೇನೆ. ತುದಿಯಲ್ಲಿ ಎರಡು ಎಲೆಮೊಗ್ಗೆ ಬಿರಿಯುತ್ತಿವೆ.