ಕ್ರೀಮ್ ಪರ್ಫ್ಯೂಮ್: ಘಮಕ್ಕೆ ತಕರಾರಿಲ್ಲ, ತಕರಾರೆಲ್ಲ ಡಬ್ಬಿಯ ಮೇಲೆ

ಸ್ಪ್ರೇ ಬಿಟ್ಟು ಕ್ರೀಮ್ ಹಚ್ಚಲು ಶುರುಮಾಡಿದವರ ಮೊದಲ ದೂರು: "ಘಮ್ ಅನ್ನೋದೇ ಇಲ್ಲ." ಅದು ದೋಷವಲ್ಲ. ಸ್ಪ್ರೇಯಲ್ಲಿರುವ ಆಲ್ಕೋಹಾಲ್ ಮೈಗೆ ತಾಗಿದೊಡನೆ ಆವಿಯಾಗುತ್ತಾ ಪರಿಮಳವನ್ನೂ ಎತ್ತಿಕೊಂಡು ಕೋಣೆಯೆಲ್ಲ ಹರಡುತ್ತದೆ. ಕ್ರೀಮಿನಲ್ಲಿ ಪರಿಮಳ ಎಣ್ಣೆ, ಮೇಣಗಳ ಹಿಡಿತದಲ್ಲಿದ್ದು, ಮೈಬಿಸಿಗೆ ಇಷ್ಟಿಷ್ಟೇ ಹೊರಬರುತ್ತದೆ. ಪಕ್ಕದಲ್ಲಿ ಕೂತವರಿಗೆ ಮಾತ್ರ ಗೊತ್ತಾಗುವ ಈ ಮೆಲುಘಮವೇ ಇದರ ನಿಜವಾದ ಸುಖ. ನಿಂಬೆ, ಕಿತ್ತಳೆಯಂಥ ಹಗುರ ಪರಿಮಳಗಳು ಇದರಲ್ಲಿ ಮಂಕು. ಶ್ರೀಗಂಧ, ವೆನಿಲ್ಲಾ ಸೊಗಸಾಗಿ ನಿಲ್ಲುತ್ತವೆ.

ಹಚ್ಚಬೇಕಾದದ್ದು ಸ್ನಾನವಾಗಿ ಮೈ ಒರೆಸಿದ ಮೇಲೆ, ಚರ್ಮದ ಪಸೆ ಪೂರ್ತಿ ಆರುವ ಮೊದಲು. ಹೆಸರುಕಾಳಿನಷ್ಟು ಸಾಕು. ಎರಡು ಬೆರಳ ನಡುವೆ 10 ಸೆಕೆಂಡ್ ಹಿಡಿದರೆ ಮೆತ್ತಗಾಗುತ್ತದೆ; ಆಮೇಲೆ ಕಿವಿಯ ಹಿಂದೆ, ಮಣಿಕಟ್ಟಿಗೆ, ಮೊಣಕೈ ಒಳಮಡಿಕೆಗೆ ಒತ್ತಬೇಕು. ಸ್ಪ್ರೇ ಬೇಗ ಹಾರಿಹೋಗುವ ಒಣಚರ್ಮದವರಿಗೆ ಇದು ಹೇಳಿ ಮಾಡಿಸಿದಂತಿದೆ. ರೇಷ್ಮೆ ಬಟ್ಟೆಗೆ ಮಾತ್ರ ತಾಗಿಸಬೇಡಿ, ಎಣ್ಣೆಕಲೆ ಬೀಳುತ್ತದೆ. ಆಲ್ಕೋಹಾಲಿನ ಉರಿ ಇಲ್ಲವೆಂದ ಮಾತ್ರಕ್ಕೆ ಅಲರ್ಜಿಯ ಭಯ ತಪ್ಪಿತೆಂದಲ್ಲ. ಅಲರ್ಜಿ ತರಬಲ್ಲ ಲಿಮೋನೀನ್, ಲಿನಲೂಲ್ ಎಂಬ ಪರಿಮಳದ ಅಂಶಗಳು ಇದರಲ್ಲೂ ಇರಬಹುದು. ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ನೋಡಿ.

ಇಷ್ಟೆಲ್ಲ ಮೆಚ್ಚಿದ ಮೇಲೂ ತಿಂಗಳುಗಳು ಕಳೆದಂತೆ ಬೇಸರ ತರಿಸುವುದು ಡಬ್ಬಿ. ಬೆರಳು ಅದ್ದಿದಷ್ಟು ಸಲವೂ ನೀರು, ಬೆವರು, ಸೂಕ್ಷ್ಮಾಣುಗಳು ಒಳಗೆ ಇಳಿಯುತ್ತವೆ. ಸ್ಪ್ರೇಗೆ ಆಲ್ಕೋಹಾಲೇ ಕಾವಲು. ನೀರು ಬೆರೆತ ಕ್ರೀಮಿಗೆ ಸಂರಕ್ಷಕ ಬೇಕೇ ಬೇಕು; ಅದಿಲ್ಲದ್ದನ್ನು ಕೊಳ್ಳಲೇಬೇಡಿ. ಬರೀ ಎಣ್ಣೆ, ಜೇನುಮೇಣದ್ದಾದರೆ ಬೂಷ್ಟಿನ ಭಯ ಕಡಿಮೆ, ಆದರೆ ಗಾಳಿ ತಾಗಿ ಎಣ್ಣೆ ಕಮಟುತ್ತದೆ. ಮುಚ್ಚಳ ತೆಗೆದಾಗ ಪರಿಮಳಕ್ಕಿಂತ ಮೊದಲು ಹಳೇ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಅದರ ಕಥೆ ಮುಗಿಯಿತು. ಸೂರ್ಯಕಾಂತಿ ಎಣ್ಣೆಯದು ಬೇಗ ಕೆಡುತ್ತದೆ, ಜೊಜೋಬಾ ಬೀಜದ ಎಣ್ಣೆಯದು ಹೆಚ್ಚು ಬಾಳುತ್ತದೆ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರುವ ಎಣ್ಣೆ ಯಾವುದೆಂದು ಓದಿಯೇ ಕೊಳ್ಳಿ.

ಕ್ರೀಮಿನಲ್ಲಿ ಶಿಯಾ ಬೆಣ್ಣೆ (ಶಿಯಾ ಮರದ ಬೀಜದ ಕೊಬ್ಬು) ಇದ್ದರೆ, ಬಿಸಿಲಿಗೆ ಕರಗಿ ನಿಧಾನವಾಗಿ ಗಟ್ಟಿಯಾದಾಗ ಅದು ರವೆರವೆಯಾಗುತ್ತದೆ. ಅದು ಕೆಟ್ಟಿದ್ದಲ್ಲ, ಬೆರಳಲ್ಲಿ ಉಜ್ಜಿದರೆ ಕರಗುತ್ತದೆ. ನೀರೇ ಬೇರ್ಪಟ್ಟು ಮೇಲೆ ನಿಂತಿದ್ದರೆ ಎಸೆಯಿರಿ.

ಟ್ಯೂಬಿನಲ್ಲಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಡಬ್ಬಿಯೇ ಗತಿಯಾದರೆ 10 ಗ್ರಾಂಗಿಂತ ದೊಡ್ಡದು ಬೇಡ, ಜೊತೆಗೆ ಒಣಗಿದ ಪುಟ್ಟ ಚಮಚವೊಂದಿರಲಿ.