ಆಟಿಕೆ ಕಾರಿನ ಹಳೇ ಬಣ್ಣ ತೆಗೆಯಲು ಯಾವುದು ಒಳ್ಳೆಯದು: ಕಾಸ್ಟಿಕ್ ಸೋಡಾ, ಅಸಿಟೋನ್, ಪೇಂಟ್ ರಿಮೂವರ್?

ಒಂದೇ ಅಚ್ಚಿನ ಮೂರು ಹಳೇ ಮ್ಯಾಚ್‌ಬಾಕ್ಸ್ ಬ್ರ್ಯಾಂಡಿನ ಪುಟ್ಟ ಲೋಹದ ಕಾರುಗಳು ನನ್ನ ಹತ್ತಿರ ಇದ್ದವು. ಮೂರರಲ್ಲೂ ಬಣ್ಣ ಅರ್ಧ ಉದುರಿತ್ತು. ಒಂದೊಂದರ ಮೇಲೆ ಒಂದೊಂದು ವಿಧಾನ ಮಾಡಿ ನೋಡಿದೆ. ಮೊದಲು ತಳದ ರಿವೆಟ್ ತಲೆಗಳನ್ನು ಡ್ರಿಲ್ಲಿನಲ್ಲಿ ಕೊರೆದು ಕಾರುಗಳನ್ನು ಬಿಚ್ಚಿದೆ. ಕಿಟಕಿ, ಸೀಟು, ಚಕ್ರ ಎಲ್ಲ ಬೇರೆ ತೆಗೆದಿಟ್ಟೆ. ಇದನ್ನು ಬಿಡೋ ಹಾಗಿಲ್ಲ. ಅಸಿಟೋನ್ ತಾಗಿದರೆ ಪ್ಲಾಸ್ಟಿಕ್ ಕಿಟಕಿ ಮಬ್ಬಾಗುತ್ತದೆ, ಕರಗಿಯೂ ಹೋಗುತ್ತದೆ.

ಕಾಸ್ಟಿಕ್ ಸೋಡಾ ಬಲವಾದದ್ದು, ನಿಜ. ಬಣ್ಣ ಹಾಳೆ ಹಾಳೆಯಾಗಿ ಎದ್ದು ಬಂತು. ಆದರೆ ಈ ಕಾರುಗಳ ಮೈ ಸತುವಿನದು, ಜೊತೆಗೆ ಸ್ವಲ್ಪ ಅಲ್ಯೂಮಿನಿಯಂ ಬೆರೆತಿರುತ್ತದೆ. ಸೋಡಾ ಎರಡನ್ನೂ ತಿನ್ನುತ್ತದೆ. ಲೋಹದಿಂದ ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದವು, ಅದು ಹೈಡ್ರೋಜನ್. ಹಾಗಾಗಿ ಪಾತ್ರೆಗೆ ಮುಚ್ಚಳ ಹಾಕಬಾರದು, ಹತ್ತಿರ ಬೆಂಕಿ ಇರಬಾರದು. ಯಾವಾಗಲೂ ತಣ್ಣೀರಿಗೆ ಸೋಡಾ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು. ನಾನು ಸ್ವಲ್ಪ ಹೊತ್ತು ಜಾಸ್ತಿ ಬಿಟ್ಟುಬಿಟ್ಟೆ. ತೆಗೆದಾಗ ಮೈಯೆಲ್ಲ ಕಪ್ಪು ಬೂದು. ಬಾಗಿಲ ಹಿಡಿಕೆ ಅಕ್ಕಿಕಾಳಿಗಿಂತ ಚಿಕ್ಕದು, ಅದರ ಅಂಚು ಸವೆದಿತ್ತು. ತುಂಬಾ ಬೇಜಾರಾಯಿತು. ಹಿತ್ತಾಳೆ ಬ್ರಷ್‌ನಿಂದ ಉಜ್ಜಿದರೆ ಕಪ್ಪು ಹೋಗುತ್ತದೆ, ಹೋದ ಅಂಚು ಬರುವುದಿಲ್ಲ ಅಲ್ವಾ?

ಅಸಿಟೋನ್ ಲೋಹಕ್ಕೆ ಏನೂ ಮಾಡಲಿಲ್ಲ. ಗಾಜಿನ ಜಾರಿನಲ್ಲಿ ಮುಳುಗಿಸಿ ಮುಚ್ಚಿಟ್ಟೆ. ಯಾರೋ ಮೇಲೆ ಹಚ್ಚಿದ್ದ ಬಣ್ಣ ಬೇಗ ಬಿಟ್ಟುಕೊಂಡಿತು. ಕಾರ್ಖಾನೆಯ ಗಟ್ಟಿ ಬಣ್ಣ ಮಾತ್ರ ಮೂಲೆಗಳಲ್ಲಿ ಹಾಗೇ ಕೂತಿತ್ತು.

ನನ್ನ ಓಟು ಜೆಲ್ ಪೇಂಟ್ ರಿಮೂವರ್‌ಗೆ. ದಪ್ಪಗೆ ಹಚ್ಚಿ ಪಾಲಿಥೀನಿನಲ್ಲಿ ಸುತ್ತಿಟ್ಟೆ. 20 ನಿಮಿಷಕ್ಕೆ ಬಣ್ಣ ಕಾಯಿಸಿದ ಹಾಲಿನ ಕೆನೆ ಥರ ಸುಕ್ಕುಗಟ್ಟಿತು. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದಾಗ ಬಾನೆಟ್ಟಿನ ಗೆರೆ, ಗ್ರಿಲ್ಲಿನ ಒಂದೊಂದು ಕಂಬಿಯೂ ಹೊಳೆಯುತ್ತಾ ಹೊರಬಂತು. ಮೂಲೆಗಳಿಗೆ ಇನ್ನೊಂದು ಸಲ ಹಚ್ಚಬೇಕಾಯಿತು, ಅಷ್ಟೇ. ವಾಸನೆ ಜೋರು, ಕೈಗವಸು ಬೇಕೇ ಬೇಕು, ಬಯಲಿನಲ್ಲಿ ಮಾಡಿದರೆ ವಾಸಿ. ಪ್ರೈಮರ್ ಹೊಡೆಯುವ ಮುಂಚೆ ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ. ಜೆಲ್ಲಿನ ಜಿಡ್ಡು ಉಳಿದರೆ ಹೊಸ ಬಣ್ಣ ಎದ್ದುಬರುತ್ತದೆ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ಬ್ರ್ಯಾಂಡಿನ ಆಟಿಕೆ ಗಾಡಿ ಸಿಕ್ಕಿದರೆ ಮೊದಲು ಬೆಳಕಿಗೆ ಹಿಡಿದು ಬಿರುಕು ಇದೆಯಾ ನೋಡಿ. ಆಗಿನ ಲೋಹದಲ್ಲಿ ಸೀಸದಂಥ ಕಲ್ಮಶ ಸೇರಿ, ಮೈ ಒಳಗಿಂದಲೇ ಉಬ್ಬಿ ಪುಡಿಯಾಗುತ್ತದೆ. ಇದಕ್ಕೆ ಸತುವಿನ ಪಿಡುಗು ಅಂತಾರೆ, ಮದ್ದಿಲ್ಲ. ಅಂಥ ಗಾಡಿಗೆ ಈ ಮೂರರಲ್ಲಿ ಯಾವುದನ್ನೂ ನಾನು ಮುಟ್ಟಿಸುವುದಿಲ್ಲ. ಧೂಳು ಒರೆಸಿ, ತೇವ ತಾಗದ ಕಡೆ ಹಾಗೇ ಇಡುತ್ತೇನೆ.