ಫ್ರೆಂಡ್ಸ್ ಬ್ಲೂ-ರೇ ಸೆಟ್: ಅಂಚಿನಲ್ಲಿ ಕಾಣುವ ನಿರ್ದೇಶನ

ಹತ್ತು ಸೀಸನ್, 236 ಕಂತು, 21 ಡಿಸ್ಕು. ಆರು ಗೆಳೆಯರ ಕಥೆ ಹೇಳುವ ಅಮೆರಿಕದ ಹಾಸ್ಯ ಧಾರಾವಾಹಿ (ಸಿಟ್‌ಕಾಮ್) ಫ್ರೆಂಡ್ಸ್‌ನ, 2012ರ ನವೆಂಬರಿನಲ್ಲಿ ಬಿಡುಗಡೆಯಾದ ಬ್ಲೂ-ರೇ ಸೆಟ್ಟನ್ನು ಕಥೆಗಾಗಿ ಕೊಳ್ಳುವವರು ಈಗ ಕಡಿಮೆ. ಕಥೆ ಎಲ್ಲರಿಗೂ ಬಾಯಿಪಾಠವಾಗಿದೆ. ಅಮೆರಿಕದ ಸಿಟ್‌ಕಾಮ್ ಹೇಗೆ ತಯಾರಾಗುತ್ತದೆ, ಅದರಲ್ಲಿ ನಿರ್ದೇಶಕರ ಪಾಲು ಎಷ್ಟು ಎಂದು ಕೂತು ಕಲಿಯುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ಆದರೆ ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಬೇಕು. ಈ ಡಿಸ್ಕುಗಳಲ್ಲಿ ಕಾಣುವ ಅಗಲ ಚೌಕಟ್ಟನ್ನು ಆ ನಿರ್ದೇಶಕರು ಕಟ್ಟಿದ್ದಲ್ಲ. ಅವರು 1994ರಿಂದ ವರ್ಷಗಟ್ಟಲೆ ದುಡಿದಿದ್ದು 4:3ರ (ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು) ಟಿವಿ ಪರದೆಗೆ.

ಮೊದಲು ಚಿತ್ರದ ಗುಣಮಟ್ಟದ ಮಾತು. ಫ್ರೆಂಡ್ಸ್ ಚಿತ್ರೀಕರಣವಾದದ್ದು 35 ಎಂಎಂ ಫಿಲ್ಮಿನಲ್ಲಿ. ಪ್ರಸಾರಕ್ಕೆ ಹೋಗುವ ಪ್ರತಿಯನ್ನು ಮಾತ್ರ ವಿಡಿಯೋ ಟೇಪಿನಲ್ಲಿ ಸಿದ್ಧಪಡಿಸುತ್ತಿದ್ದರು. ಹಾಗಾಗಿ ಎಚ್‌ಡಿ ಮಾಡಲು ಹಳೆಯ ಮಾಸ್ಟರ್ ಟೇಪು ಕೆಲಸಕ್ಕೆ ಬರಲಿಲ್ಲ; ಮೂಲ ನೆಗೆಟಿವ್ ಹೊರತೆಗೆದು, ಮತ್ತೆ ಸ್ಕ್ಯಾನ್ ಮಾಡಿ, ಹಳೆಯ ಸಂಕಲನಕ್ಕೆ ಸರಿಯಾಗಿ ಒಂದೊಂದೇ ಶಾಟ್ ಜೋಡಿಸಬೇಕಾಯಿತು. ಫಲ ಕಣ್ಣಿಗೆ ಕಾಣುತ್ತದೆ. ಮೋನಿಕಾಳ ಅಡುಗೆಮನೆಯ ಶೆಲ್ಫಿನಲ್ಲಿರುವ ಡಬ್ಬಿಗಳನ್ನು ಈಗ ಒಂದೊಂದಾಗಿ ಎಣಿಸಬಹುದು. ಡಿವಿಡಿಯಲ್ಲಿ ಮಸಿ ಬಳಿದಂತಿದ್ದ ರಾತ್ರಿಯ ದೃಶ್ಯಗಳಲ್ಲಿ ಕಿಟಕಿಯ ಆಚೆಯ ಕಟ್ಟಡಗಳೂ ಬಿಡಿಬಿಡಿಯಾಗಿ ತೋರುತ್ತವೆ.

ಬೇರೆ ಹಳೆಯ ಸಿಟ್‌ಕಾಮ್‌ಗಳನ್ನು ಕೊಳ್ಳುವವರಿಗೂ ಇದೇ ಅಳತೆಗೋಲು. 1971ರ ಆಲ್ ಇನ್ ದಿ ಫ್ಯಾಮಿಲಿ ವಿಡಿಯೋ ಟೇಪಿನಲ್ಲೇ ಚಿತ್ರೀಕರಣವಾದದ್ದು. ಟೇಪಿನಲ್ಲಿ ಇಲ್ಲದ ವಿವರವನ್ನು ಯಾವ ಡಿಸ್ಕೂ ತಂದುಕೊಡಲಾರದು. ಫಿಲ್ಮಿನಲ್ಲಿ ತೆಗೆದದ್ದಾದರೆ ಬ್ಲೂ-ರೇಗೆ ಹಣ ಹಾಕಬಹುದು, ಟೇಪಿನದಾದರೆ ಡಿವಿಡಿ ಸಾಕು.

ನಾಟಕದಂತೆ ಪ್ರೇಕ್ಷಕರ ಮುಂದೆ ಆಡಿಸಿ, ಹಲವು ಫಿಲ್ಮ್ ಕ್ಯಾಮೆರಾಗಳಲ್ಲಿ ಏಕಕಾಲಕ್ಕೆ ಹಿಡಿಯುವ ಪದ್ಧತಿ ಗಟ್ಟಿಯಾಗಿ ನೆಲೆಯೂರಿದ್ದು 1951ರ ಐ ಲವ್ ಲೂಸಿಯಿಂದ. ಡೆಸಿ ಆರ್ನಾಜ್, ಲೂಸಿಲ್ ಬಾಲ್ ದಂಪತಿಗೆ ಲಾಸ್ ಏಂಜಲೀಸ್ ಬಿಡುವ ಮನಸ್ಸಿರಲಿಲ್ಲ. ಅಲ್ಲಿಂದ ನೇರಪ್ರಸಾರ ಮಾಡಿದರೆ ನ್ಯೂಯಾರ್ಕಿಗೆ ಸಿಗುತ್ತಿದ್ದದ್ದು ಟಿವಿ ಪರದೆಯಿಂದ ಹಿಡಿದ ಮಸುಕು ಪ್ರತಿ; ಅಲ್ಲಿನವರಿಗೆ ಅದು ಬೇಕಿರಲಿಲ್ಲ. ಫಿಲ್ಮೇ ದಾರಿಯಾಯಿತು. ಜರ್ಮನಿಯ ಹೆಸರಾಂತ ಮೂಕಿ ಚಿತ್ರ ಮೆಟ್ರೊಪೊಲಿಸ್‌ನಂಥದ್ದಕ್ಕೆ ದುಡಿದಿದ್ದ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಮೂರು ಕ್ಯಾಮೆರಾಗಳಿಗೂ ಒಟ್ಟಿಗೆ ಹೊಂದುವಂತೆ ಮೇಲಿನಿಂದ ಸಮನಾಗಿ ಹರಡುವ ಬೆಳಕಿನ ವ್ಯವಸ್ಥೆ ಮಾಡಿದರು. ಸಿಟ್‌ಕಾಮ್ ಬೆಳಕು ಸಪ್ಪೆ ಎಂದು ದೂರುವವರು ಇದನ್ನು ಗಮನಿಸಬೇಕು. ಮೂರು ಕಡೆಯಿಂದ ಒಂದೇ ಸಲಕ್ಕೆ ನೋಡುವಾಗ, ಒಂದು ಕ್ಯಾಮೆರಾಕ್ಕೆ ಸುಂದರವಾದ ನೆರಳು ಇನ್ನೊಂದಕ್ಕೆ ಮುಖದ ಮೇಲಿನ ಕಪ್ಪು ಕಲೆಯಾಗುತ್ತದೆ.

ಫ್ರೆಂಡ್ಸ್ ಕಾಲಕ್ಕೆ ಕ್ಯಾಮೆರಾಗಳು ನಾಲ್ಕಾಗಿದ್ದವು. ಎ, ಬಿ, ಸಿ ಎಂಬ ಮೂರು ಮೊದಲಿನಿಂದ ಇದ್ದವು. ಆಮೇಲೆ ಸೇರಿದ ನಾಲ್ಕನೆಯದನ್ನು ಡಿ ಎನ್ನದೆ ಎಕ್ಸ್ ಎಂದು ಕರೆಯುವುದು ರೂಢಿ. ನಡುವಿನ ಎರಡು ಕ್ಯಾಮೆರಾ ಸಾಮಾನ್ಯವಾಗಿ ಎಲ್ಲರೂ ಕಾಣುವ ಅಗಲ ಶಾಟ್ ಮತ್ತು ಇಬ್ಬರು-ಮೂವರ ಗುಂಪು ಹಿಡಿಯುತ್ತವೆ. ತುದಿಗಳಲ್ಲಿರುವ ಎರಡು ಅಡ್ಡಡ್ಡಕ್ಕೆ ನೋಡುತ್ತವೆ: ಎಡತುದಿಯದು ಬಲಗಡೆಯ ನಟರ ಕ್ಲೋಸಪ್ಪಿಗೆ, ಬಲತುದಿಯದು ಎಡಗಡೆಯವರಿಗೆ. ಇದರಿಂದ ಇಬ್ಬರ ಕಣ್ಣೋಟವೂ ಲೆನ್ಸಿನ ಹತ್ತಿರಕ್ಕೆ ಬರುತ್ತದೆ. ಪ್ರತಿ ಕ್ಯಾಮೆರಾಕ್ಕೆ ಒಬ್ಬ ಆಪರೇಟರ್, ಫೋಕಸ್ ನೋಡುವ ಸಹಾಯಕ, ಗಾಲಿಬಂಡಿ ತಳ್ಳುವವನು. ಒಂದು ದೃಶ್ಯದೊಳಗೇ ಬಂಡಿ ಹಲವು ಜಾಗ ಬದಲಿಸಬೇಕಾಗುವುದರಿಂದ ನೆಲದ ಮೇಲೆ ಕ್ಯಾಮೆರಾಕ್ಕೊಂದು ಬಣ್ಣದ ಟೇಪ್ ಹಚ್ಚಿ ಸಂಖ್ಯೆ ಬರೆದಿರುತ್ತಾರೆ. ಒಬ್ಬ ನಟ ತನಗೆ ಗುರುತಿಸಿದ ಜಾಗಕ್ಕಿಂತ ಅರ್ಧ ಅಡಿ ಮುಂದೆ ನಿಂತರೂ ಅಡ್ಡ ಕ್ಯಾಮೆರಾದಲ್ಲಿ ಹಿಂದಿನವರ ಮುಖ ಮುಚ್ಚಿಹೋಗುತ್ತದೆ. ಆಗ ಸಂಕಲನದಲ್ಲಿ ಆ ಮಾತಿಗೆ ಅಗಲ ಶಾಟ್ ಬಿಟ್ಟರೆ ಗತಿಯಿಲ್ಲ.

ಫಿಲ್ಮಿನ ಲೆಕ್ಕವೂ ತಲೆಯಲ್ಲಿರಬೇಕು. ಒಂದು ಫ್ರೇಮಿಗೆ ನಾಲ್ಕು ರಂಧ್ರದ ಲೆಕ್ಕದಲ್ಲಿ 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. 1,000 ಅಡಿಯ ರೀಲು 11 ನಿಮಿಷಕ್ಕೆ ಖಾಲಿ. ಅದೂ ನಾಲ್ಕು ಕ್ಯಾಮೆರಾದಲ್ಲಿ ಒಟ್ಟಿಗೆ. ರೀಲು ಬದಲಿಸುವಷ್ಟು ಹೊತ್ತು ಸುಮಾರು 300 ಪ್ರೇಕ್ಷಕರ ಉತ್ಸಾಹ ಆರದಂತೆ ನೋಡಿಕೊಳ್ಳಲು ಒಬ್ಬ ಹಾಸ್ಯಗಾರನನ್ನು ಬೇರೆಯೇ ನೇಮಿಸಿರುತ್ತಾರೆ.

ಈಗ ಅಗಲ ಚೌಕಟ್ಟಿಗೆ ಬರೋಣ. ಬ್ಲೂ-ರೇಯಲ್ಲಿ ಈಗಿನ ಅಗಲ ಟಿವಿಯ 16:9 ಪರದೆ ತುಂಬಿಸಲು ನೆಗೆಟಿವ್‌ನ ಎರಡು ಬದಿಯಲ್ಲಿ ಬಳಸದೆ ಉಳಿದಿದ್ದ ಭಾಗವನ್ನು ತೆರೆದಿದ್ದಾರೆ, ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿದ್ದಾರೆ. ಬರೀ ಮೇಲೆ ಕೆಳಗೆ ಕತ್ತರಿಸುವುದಕ್ಕಿಂತ ಇದು ಎಷ್ಟೋ ವಾಸಿ. ಸೈನ್‌ಫೆಲ್ಡ್ ಎಂಬ ಇನ್ನೊಂದು ಸಿಟ್‌ಕಾಮ್ 2021ರಲ್ಲಿ ಹಾಗೆ ಕತ್ತರಿಸಿದ ರೂಪದಲ್ಲಿ ನೆಟ್‌ಫ್ಲಿಕ್ಸಿಗೆ ಬಂದಾಗ, ರಸ್ತೆಯ ಗುಂಡಿಯ ಮೇಲೇ ನಿಂತಿದ್ದ ಒಂದು ಹಾಸ್ಯದಲ್ಲಿ ಗುಂಡಿಯೇ ಚೌಕಟ್ಟಿನಿಂದ ಹೊರಗೆ ಬಿದ್ದಿತ್ತು. ಫ್ರೆಂಡ್ಸ್‌ಗೆ ಅಂಥ ಅನ್ಯಾಯ ಆಗಿಲ್ಲ. ಆದರೂ ಬದಿ ತೆರೆದದ್ದಕ್ಕೆ ಬೆಲೆ ತೆರಬೇಕಾಗಿದೆ. ಆಪರೇಟರುಗಳು ತಮ್ಮ ಕಿಂಡಿಯಲ್ಲಿ 4:3 ಗೆರೆ ನೋಡಿಕೊಂಡು ಕೆಲಸ ಮಾಡಿದವರು. ಗೆರೆಯ ಹೊರಗೆ ಏನಿದ್ದರೂ ಆಗ ಯಾರಿಗೂ ಕಾಣುತ್ತಿರಲಿಲ್ಲ. ಈಗ ಕೆಲವೆಡೆ ಸೆಟ್ಟಿನ ಗೋಡೆ ಮುಗಿಯುವ ಅಂಚು ಇಣುಕುತ್ತದೆ. ಕೆಲವು ಶಾಟ್‌ಗಳಲ್ಲಿ ನಾಯಕಿಯ ಜಾಗದಲ್ಲಿ ಅವಳದೇ ಬಟ್ಟೆ ತೊಟ್ಟ ಬದಲಿ ಕಲಾವಿದೆ ಸ್ಪಷ್ಟವಾಗಿ ಕಾಣುತ್ತಾಳೆ. ಮೊದಲಿನ ಚೌಕಟ್ಟಿನಲ್ಲಿ ಅವಳ ಭುಜ ಮಾತ್ರ ಬರುತ್ತಿತ್ತು.

ಇವನ್ನು ಬರೀ ತಪ್ಪೆಂದು ತಳ್ಳಿಹಾಕಬಾರದು. ಕೆಲಸ ಕಲಿಯುವವರಿಗೆ ಅಂಚಿನಲ್ಲೇ ಪಾಠವಿದೆ. ಒಬ್ಬರು ಮಾತಾಡುವಾಗ ಚೌಕಟ್ಟಿನ ಹೊರಗೆ ಉಳಿದಿದ್ದ ನಟ ಕೇಳಿಸಿಕೊಳ್ಳುತ್ತಾ ತನ್ನ ಗುರುತಿನ ಮೇಲೆ ಅಲುಗದೆ ನಿಂತಿರುವುದು, ಮುಂದಿನ ಸಾಲಿಗೆ ಅರ್ಧ ಹೆಜ್ಜೆ ಸರಿದು ಇನ್ನೊಂದು ಕ್ಯಾಮೆರಾಕ್ಕೆ ದಾರಿ ಬಿಡುವುದು, ಇವೆಲ್ಲ ಡಿವಿಡಿಯಲ್ಲಿ ಕಾಣಸಿಗದ ನಿರ್ದೇಶನ. ನಷ್ಟವಾಗಿರುವುದು ಕ್ಲೋಸಪ್ಪುಗಳಲ್ಲಿ. ಒಂದು ಮುಖಕ್ಕೆಂದು ಬಿಗಿಯಾಗಿ ಕಟ್ಟಿದ ಚೌಕಟ್ಟಿನ ಆಚೀಚೆ ಈಗ ಖಾಲಿ ಜಾಗ ಬಿದ್ದಿದೆ. ಆ ಬಿಗಿತದಿಂದಲೇ ಹುಟ್ಟುತ್ತಿದ್ದ ನಗು ಸ್ವಲ್ಪ ಸಡಿಲವಾಗಿದೆ.

ಸಿಟ್‌ಕಾಮ್‌ನಲ್ಲಿ ಯಜಮಾನಿಕೆ ಬರಹಗಾರ-ನಿರ್ಮಾಪಕರದು. ಇಲ್ಲಿ ಅವರು ಡೇವಿಡ್ ಕ್ರೇನ್, ಮಾರ್ಟಾ ಕಾಫ್‌ಮನ್, ಜೊತೆಗೆ ನಿರ್ಮಾಪಕ ಕೆವಿನ್ ಬ್ರೈಟ್. ನಿರ್ದೇಶಕರು ಹೆಚ್ಚಾಗಿ ಆ ವಾರದ ಮಟ್ಟಿಗೆ ಬಂದವರು. ಕೈಯಲ್ಲಿರುವುದು ಐದು ದಿನ: ಎಲ್ಲರೂ ಮೇಜಿನ ಸುತ್ತ ಕೂತು ಸ್ಕ್ರಿಪ್ಟ್ ಓದುವುದು, ಕ್ಯಾಮೆರಾ ಇಲ್ಲದ ತಾಲೀಮು, ಬರಹಗಾರರಿಗೂ ವಾಹಿನಿಯವರಿಗೂ ಆಡಿ ತೋರಿಸುವುದು, ಕ್ಯಾಮೆರಾಗಳ ಜೊತೆ ಜಾಗ ಗುರುತಿಸುವುದು, ಕೊನೆಗೆ ಪ್ರೇಕ್ಷಕರ ಮುಂದೆ ಚಿತ್ರೀಕರಣ. ಪ್ರತಿ ಸಂಜೆ ಸ್ಕ್ರಿಪ್ಟ್ ಬದಲಾಗುತ್ತದೆ. ನಿನ್ನೆ ಗುರುತಿಸಿದ ಜಾಗ ಇಂದಿನ ಮಾತಿಗೆ ಹೊಂದುವುದಿಲ್ಲ. ಚಿತ್ರೀಕರಣದ ರಾತ್ರಿಯೂ ಜನ ನಗದಿದ್ದರೆ ಬರಹಗಾರರು ಅಲ್ಲೇ ಗುಂಪುಗೂಡಿ ಹೊಸ ಸಾಲು ಬರೆಯುತ್ತಾರೆ. ನಟರು ಅದನ್ನು ನಿಂತಲ್ಲೇ ಕಲಿತು ಆಡುತ್ತಾರೆ.

ಈ ಸೆಟ್ಟಿನ ಮೊದಲ ಡಿಸ್ಕಿನ ಮೊದಲ ಕಂತು ಜೇಮ್ಸ್ ಬರೋಸ್ ನಿರ್ದೇಶಿಸಿದ್ದು. ಸಿಟ್‌ಕಾಮ್ ನಿರ್ದೇಶನಕ್ಕೆ ಒಂದೇ ಹೆಸರು ಹೇಳಿ ಎಂದರೆ ಅವರದೇ. ಟ್ಯಾಕ್ಸಿ ಎಂಬ ಸರಣಿಯಲ್ಲಿ ಪಳಗಿ, 1982ರಲ್ಲಿ ಚಾರ್ಲ್ಸ್ ಸಹೋದರರೊಡನೆ ಚಿಯರ್ಸ್ ಹುಟ್ಟುಹಾಕಿ, ಫ್ರೇಸಿಯರ್, ದಿ ಬಿಗ್ ಬ್ಯಾಂಗ್ ಥಿಯರಿಗಳ ಪೈಲಟ್ (ಸರಣಿಯ ಮೊದಲ, ಪ್ರಾಯೋಗಿಕ ಕಂತು) ಕಟ್ಟಿಕೊಟ್ಟು, ವಿಲ್ ಅಂಡ್ ಗ್ರೇಸ್‌ನ ಎಲ್ಲ ಕಂತುಗಳನ್ನೂ ನಿರ್ದೇಶಿಸಿದವರು. ಸಾವಿರ ಕಂತು ದಾಟಿದ್ದಕ್ಕೆ 2016ರಲ್ಲಿ ಎನ್‌ಬಿಸಿ ವಾಹಿನಿ ವಿಶೇಷ ಕಾರ್ಯಕ್ರಮವನ್ನೇ ಮಾಡಿತು. ಚಿತ್ರೀಕರಣದ ವೇಳೆ ಬರೋಸ್ ಮಾನಿಟರ್ ಮುಂದೆ ಕೂರುವವರಲ್ಲ. ಕ್ಯಾಮೆರಾಗಳ ಹಿಂದೆ ಅತ್ತಿಂದಿತ್ತ ನಡೆಯುತ್ತಾ ಮಾತಿನ ಲಯಕ್ಕೆ ಕಿವಿಗೊಡುವವರು.

ಆ ಪೈಲಟ್‌ನ ಒಂದು ಕ್ಷಣವನ್ನು ನಾಲ್ಕಾರು ಸಲ ಹಿಂದೆ ಓಡಿಸಿ ನೋಡಿ. ಮತ್ತೆ ಮದುವೆಯಾದವನಾಗಿರಬೇಕು ಅಷ್ಟೇ ಎಂದು ರಾಸ್ ಹಲುಬುತ್ತಾನೆ. ಕಾಫಿ ಅಂಗಡಿಯ ಬಾಗಿಲು ತೆರೆದು ಮಳೆಯಲ್ಲಿ ನೆಂದ ಮದುವೆಯ ಉಡುಪಿನಲ್ಲಿ ರೇಚೆಲ್ ಒಳಗೆ ಬರುತ್ತಾಳೆ. ಚಾಂಡ್ಲರ್ ಕೈ ಚಾಚಿ, ನನಗೆ ಹತ್ತು ಲಕ್ಷ ಡಾಲರ್ ಬೇಕು ಎನ್ನುತ್ತಾನೆ. ಇಲ್ಲಿರುವುದು ಎರಡು ನಗು: ಉಡುಪಿಗೊಂದು, ಮಾತಿಗೊಂದು. ಬಾಗಿಲು ಅರ್ಧ ಸೆಕೆಂಡ್ ಮೊದಲೇ ತೆರೆದರೆ ರಾಸ್‌ನ ಸಾಲು ಕೇಳಿಸದು. ಚಾಂಡ್ಲರ್ ಅವಸರ ಮಾಡಿದರೆ ಮೊದಲ ನಗು ಅವನ ಮಾತನ್ನು ನುಂಗುತ್ತದೆ, ತಡ ಮಾಡಿದರೆ ಮಾತಿನ ಮೊನೆ ಹೋಗುತ್ತದೆ. ಮೂವರ ನಡುವೆ ಆ ಅಂತರವನ್ನು ತಾಲೀಮಿನಲ್ಲಿ ಕೂಡಿಸುವುದೇ ನಿರ್ದೇಶಕರ ಕೆಲಸ.

ಬರೋಸ್ ಈ ಸರಣಿಗೆ ಮಾಡಿದ್ದು 15 ಕಂತು. ಎರಡನೇ ಸೀಸನ್‌ನ ಹಳೆಯ ಪ್ರಾಮ್ (ಶಾಲೆಯ ನೃತ್ಯಕೂಟ) ವಿಡಿಯೋದ ಕಂತೂ ಅವರದೇ. ರೇಚೆಲ್ ಎದ್ದು ಒಂದೂ ಮಾತಿಲ್ಲದೆ ಕೋಣೆ ದಾಟಿ ರಾಸ್ ಬಳಿಗೆ ಹೋಗುವ ಆ ನಡಿಗೆಗೆ ಅವರು ಪೂರ್ತಿ ಸಮಯ ಕೊಟ್ಟಿದ್ದಾರೆ.

ಗೇಲ್ ಮ್ಯಾನ್‌ಕುಸೊ ನಿರ್ದೇಶಿಸಿದ ಮೂರನೇ ಸೀಸನ್‌ನ ಎರಡನೇ ಕಂತು ಇನ್ನೊಂದು ಬಗೆಯ ಕಸರತ್ತು. ಯಾರೂ ಹೊರಡಲು ತಯಾರಾಗದ ಆ ಕಂತು ಬಹುತೇಕ ಒಂದೇ ಕೋಣೆಯಲ್ಲಿ, ಗಡಿಯಾರದ ವೇಗದಲ್ಲೇ ಸಾಗುತ್ತದೆ. ದೃಶ್ಯ ಬದಲಿಸಿ ಉಸಿರು ಬಿಡುವ ಅವಕಾಶವಿಲ್ಲ. ಹಾಗಾಗಿ ಕುರ್ಚಿಯ ಜಗಳ ಒಂದು ಕಡೆ, ರಾಸ್‌ನ ಚಡಪಡಿಕೆ ನಡುವೆ, ಬಾಗಿಲುಗಳಿಂದ ಬಂದು ಹೋಗುವವರು ಇನ್ನೊಂದು ಕಡೆ ಎಂದು ಕೋಣೆಯನ್ನೇ ಹಂಚಿಕೊಂಡಿದ್ದಾರೆ. ಅದೇ ಕುರ್ಚಿಗೆ ಹಾರುವಾಗ ಜೋಯಿ ಪಾತ್ರದ ಮ್ಯಾಟ್ ಲೆಬ್ಲಾಂಕ್ ಅವರ ಭುಜದ ಕೀಲು ತಪ್ಪಿ ಚಿತ್ರೀಕರಣ ನಿಂತಿತು. ಮರುಕಂತಿನಲ್ಲಿ ಜೋಯಿ ಕೈಗೆ ಪಟ್ಟಿ ಕಟ್ಟಿಕೊಂಡೇ ಕಾಣಿಸಿಕೊಳ್ಳುತ್ತಾನೆ, ಅದಕ್ಕೊಂದು ಕಾರಣವನ್ನೂ ಕಥೆಯಲ್ಲಿ ಹೆಣೆದರು. ಐದನೇ ಸೀಸನ್‌ನಲ್ಲಿ ಮೋನಿಕಾ-ಚಾಂಡ್ಲರ್ ಪ್ರೇಮದ ಗುಟ್ಟು ಎಲ್ಲರಿಗೂ ಗೊತ್ತಾಗುವ ಕಂತು ಮೈಕಲ್ ಲೆಂಬೆಕ್ ಅವರದು. ರಾಸ್ ಪಾತ್ರದ ಡೇವಿಡ್ ಶ್ವಿಮ್ಮರ್ ಕೂಡ ಹತ್ತು ಕಂತು ನಿರ್ದೇಶಿಸಿದ್ದಾರೆ. ಕೊನೆಯ ಕಂತು ಬ್ರೈಟ್ ಅವರದೇ.

ಈ ಸೆಟ್ಟಿನ ದೊಡ್ಡ ಕೊರತೆ ಒಂದಿದೆ. ಡಿವಿಡಿಗಳಲ್ಲಿದ್ದ ಹೆಚ್ಚುವರಿ ದೃಶ್ಯಗಳು ಇಲ್ಲಿನ ಕಂತುಗಳಲ್ಲಿಲ್ಲ. ಇಲ್ಲಿರುವುದು ಸುಮಾರು 22 ನಿಮಿಷದ ಪ್ರಸಾರದ ರೂಪ. ಉದ್ದದ ರೂಪ ಬೇಕಾದವರು ಹಳೆಯ ಡಿವಿಡಿಗಳನ್ನು ಮಾರಿಬಿಡಬಾರದು. ಆದರೆ ಡಿವಿಡಿಗೂ ಒಂದು ದೋಷವಿದೆ, ನಮ್ಮಲ್ಲಿ ಸಿಗುತ್ತಿದ್ದ ಪ್ಯಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಡಿಸ್ಕುಗಳಿಗಂತೂ ಇದ್ದೇ ಇದೆ. ಫಿಲ್ಮಿನ ವೇಗ ಸೆಕೆಂಡಿಗೆ 24 ಫ್ರೇಮು. ಪ್ಯಾಲ್‌ನಲ್ಲಿ ಅದನ್ನು 25ಕ್ಕೆ ಓಡಿಸುತ್ತಾರೆ. 22 ನಿಮಿಷದ ಕಂತು ಸುಮಾರು 21 ನಿಮಿಷ 7 ಸೆಕೆಂಡಿಗೆ ಮುಗಿಯುತ್ತದೆ. ನಾಟಕವಾದರೆ ಪರವಾಗಿಲ್ಲ ಎನ್ನಬಹುದಿತ್ತು. ಅರ್ಧ ಸೆಕೆಂಡಿನ ಮೌನವನ್ನು ಅಳೆದು ಇಟ್ಟ ಹಾಸ್ಯದಲ್ಲಿ ಪ್ರತಿ ಮೌನವೂ ಶೇಕಡಾ 4ರಷ್ಟು ಕುಗ್ಗುವುದು ದೊಡ್ಡ ವಿಷಯ. ಬ್ಲೂ-ರೇಯಲ್ಲಿ ವೇಗ ಸರಿಯಾಗಿದೆ. ಈ ಒಂದೇ ಕಾರಣಕ್ಕೆ ಸೆಟ್ಟು ಕೊಳ್ಳಬಹುದು.

ನಗುವಿನ ಶಬ್ದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಮುಖ್ಯವಾಗಿ ಸಭಾಂಗಣದ ನಿಜವಾದ ನಗು, ಸಂಕಲನದಲ್ಲಿ ಹದಗೊಳಿಸಿದ್ದು. ಪ್ಯಾಮೆಲಾ ಫ್ರೈಮನ್ ಬಹುಪಾಲು ಕಂತು ನಿರ್ದೇಶಿಸಿದ ಹೌ ಐ ಮೆಟ್ ಯುವರ್ ಮದರ್‌ನಲ್ಲಿ ಹಾಗಿಲ್ಲ. ಅಲ್ಲಿ ಪುಟ್ಟಪುಟ್ಟ ದೃಶ್ಯಗಳು ತೀರಾ ಹೆಚ್ಚು. ಪ್ರೇಕ್ಷಕರಿಲ್ಲದೆ ಚಿತ್ರೀಕರಿಸಿ, ಸಂಕಲನವಾದ ಕಂತನ್ನು ಆಮೇಲೆ ಜನರಿಗೆ ತೋರಿಸಿ ನಗು ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ, ನಟರು ನಗುವಿಗೆ ಕಾಯುವುದಕ್ಕೂ ಕಾಯದಿರುವುದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ವಲಯ ಗುರುತು (ಡಿಸ್ಕು ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡುತ್ತದೆ ಎಂಬುದು) ನೋಡಿ. ಭಾರತದ್ದು ಬ್ಲೂ-ರೇಗೆ ಸಿ, ಡಿವಿಡಿಗೆ 5. 2024ರಲ್ಲಿ 4ಕೆ ಸೆಟ್ಟೂ ಬಂದಿದೆ. ಆದರೆ 43 ಇಂಚಿನ ಟಿವಿಯಲ್ಲಿ, ಮಾರುದೂರದಿಂದ ನೋಡುವವರಿಗೆ ಬ್ಲೂ-ರೇಯೇ ಧಾರಾಳ. ಪ್ಲೇಯರ್‌ನಲ್ಲಿ 24ಪಿ (ಸೆಕೆಂಡಿಗೆ 24 ಫ್ರೇಮು) ಔಟ್‌ಪುಟ್ ಹಾಕಿ, ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಮೋಷನ್ ಸ್ಮೂದಿಂಗ್ ಬಂದ್ ಮಾಡಿ. ಅದು ಚಾಲೂ ಇದ್ದರೆ ಫಿಲ್ಮು ಟೇಪಿನಂತೆ ಕಾಣುತ್ತದೆ. ನಿರ್ದೇಶಕರ ಚೌಕಟ್ಟಿಗೆ ಹತ್ತಿರವಾಗಬೇಕೆಂದರೆ ಅದೇ 43 ಇಂಚಿನ ಪರದೆಯ ಎರಡೂ ಬದಿಗೆ 12 ಸೆಂ.ಮೀ. ಅಗಲದ ಕಪ್ಪು ಚಾರ್ಟ್ ಪೇಪರ್ ಇಳಿಬಿಡಿ. ಮೇಲೆ ಕೆಳಗೆ ಕತ್ತರಿಸಿದ್ದು ಮರಳಿ ಬಾರದು, ಆದರೆ ಕ್ಲೋಸಪ್ಪಿನ ಬಿಗಿತ ಹೆಚ್ಚುಕಡಿಮೆ ಮರಳುತ್ತದೆ. ಒಂದು ದೃಶ್ಯವನ್ನು ಪೇಪರ್ ಇಟ್ಟು ನೋಡಿ, ಅದನ್ನೇ ತೆಗೆದು ನೋಡಿ. ಮೂರನೇ ಸಲ ಬರೋಸ್ ಅವರಂತೆ ಪರದೆಗೆ ಬೆನ್ನು ಮಾಡಿ ಬರೀ ಕೇಳಿ.